ಮಂಗಳವಾರ ಹಿಡಿದುಕೊಳ್ಳುವ ತೊಡೆಗಳು

ನಮ್ಮ ರಾಜ್ಯದ ಫುಟ್‌ಬಾಲ್ ಕಚೇರಿಯ ಮುಖ್ಯಸ್ಥರೇ,

ಹಳ್ಳಿ ಕ್ಲಬ್ಬುಗಳ ಹೆಣ್ಣುಮಕ್ಕಳು ಆಡುವ ಅಂತರರಾಜ್ಯ ಪಂದ್ಯಾವಳಿಗೆ ಮುಂದಿನ ವರ್ಷದಿಂದ ಟ್ಯಾಸ್ಮೇನಿಯಾ ತಂಡ ಹೋಗುವುದಿಲ್ಲ ಎಂದು ಪ್ರಕಟಿಸಿದ್ದೀರಿ. ಕಾರಣವನ್ನೂ ಕೊಟ್ಟಿದ್ದೀರಿ: 'ಆಟಗಾರ್ತಿಯರಲ್ಲಿ ಆಸಕ್ತಿ ಕುಂದಿರುವುದರಿಂದ'. ಇದು ಸುಳ್ಳು. ಸುಳ್ಳು ಎಂದು ನಿಮಗೆ ಗೊತ್ತು. ನಿಮಗಿಂತ ಚೆನ್ನಾಗಿ ನನಗೆ ಗೊತ್ತು, ಯಾಕೆಂದರೆ ಅದನ್ನು ಹುಟ್ಟಿಸಿದವನು ನಾನು.

ನಾನು ಚಿಕ್ಕಂದಿನಲ್ಲೇ ಶಾಲೆ ಬಿಟ್ಟು ಹಾಲು ಕರೆಯಲು ನಿಂತವನು. ನಿಮ್ಮ ಪ್ರಕಟಣೆಯ ನಯವಾದ ಮಾತು ನನಗೆ ಬರುವುದಿಲ್ಲ. ಆದ್ದರಿಂದ ನಿಮ್ಮ ಮೇಜಿನ ಮೇಲಿರುವ ವಿಷಯವನ್ನೇ ನನಗೆ ಬರುವ ಮಾತಿನಲ್ಲಿ ಹೇಳುತ್ತೇನೆ. ಅಂತರರಾಜ್ಯ ಪಂದ್ಯ ಬರುವ ವಾರದ ಮಂಗಳವಾರ ನಮ್ಮ ವಾಯವ್ಯ ಕರಾವಳಿಯುದ್ದಕ್ಕೂ ತೊಡೆಗಳು ಹಿಡಿದುಕೊಳ್ಳುತ್ತವೆ. ಒಳ್ಳೆಯ ಆಟಗಾರ್ತಿಯರ ತೊಡೆ ಮಾತ್ರ, ಸಾಧಾರಣದವರದ್ದಲ್ಲ. ಅದರ ಮುಂದಿನ ಶನಿವಾರ ಕ್ಲಬ್ಬಿನ ಪಂದ್ಯಕ್ಕೆ ಅವೇ ತೊಡೆಗಳು ಪವಾಡದಂತೆ ಸಡಿಲವಾಗುತ್ತವೆ. ಯಾವ ಡಾಕ್ಟರೂ ಇದರ ಬಗ್ಗೆ ಬರೆದಿಲ್ಲ. ಬರೆಯಬೇಕಾದವರು ನಾವು, ಕ್ಲಬ್ ಅಧ್ಯಕ್ಷರು.

ಕಳೆದ ಚಳಿಗಾಲದಲ್ಲಿ ನಮ್ಮ ಟೆಸ್ ಹಿಂಗ್ಸ್‌ಟನ್ ರಾಜ್ಯ ತಂಡಕ್ಕೆ ಆಯ್ಕೆಯಾದಳು. ಅದೇ ಮೊದಲ ಸಲ, ಮೂವತ್ತು ದಾಟಿದ ಮೇಲೆ. ಅವಳೇ ಸುದ್ದಿ ತಂದು, ಕ್ಲಬ್ಬಿನ ಅಡುಗೆಮನೆಯ ಬಾಗಿಲಲ್ಲಿ ಕೆಸರು ಬೂಟಿನಲ್ಲೇ ಕುಣಿದಳು. ನಾನು ಮಾಂಸದ ಪೈಗಳನ್ನು ಬಿಸಿಗಿಡುತ್ತಿದ್ದವನು ತಲೆ ಎತ್ತದೆ ಕೇಳಿದೆ:

"ಅದರ ಮುಂದಿನ ವಾರ ನಮ್ಮ ಸೆಮಿಫೈನಲ್ಲು. ಅಲ್ಲಿ ಮಂಡಿ ಮುರ್ಕೊಂಡು ಬಂದ್ರೆ?"

"ಬರಲ್ಲ ಮರ್ವ್."

"ಬಂದ್ರೆ? ಗೋಲು ಹೊಡೆಯೋಕೆ ಯಾರನ್ನ ಹಾಕ್ಲಿ, ನಿಮ್ಮಮ್ಮನ್ನಾ?"

ಅವಳು ನಗಲಿಲ್ಲ. "ಹೋಗದೆ ಇರೋಕೆ ಏನ್ ಹೇಳ್ಲಿ ಅವ್ರಿಗೆ?"

"ತೊಡೆ ಹಿಡ್ಕೊಂಡಿದೆ ಅನ್ನು. ತೊಡೆ ಒಳಗೆ ಇಣುಕಿ ನೋಡೋರು ಯಾರು?"

ಅವಳು, "ನೀನೇ ಫೋನ್ ಮಾಡು. ನನ್ ಬಾಯಲ್ಲಿ ಬರಲ್ಲ" ಎಂದು ಹೊರಟುಹೋದಳು. ಮಾಡಿದೆ. ಆ ಫೋನು ಎತ್ತಿಕೊಂಡವರು ಯಾರು ಎಂದು ನೆನಪಿದೆಯೇ ಮಾನ್ಯರೇ? ನೀವೇ. "ಈ ವರ್ಷ ನಿಮ್ ಕಡೆ ತೊಡೆಗಳಿಗೆ ಚಳಿ ಜಾಸ್ತಿ ಕಣಯ್ಯಾ" ಎಂದು ನಕ್ಕಿರಿ. ನಾನೂ ನಕ್ಕೆ. ಇಬ್ಬರೂ ನಕ್ಕು ಒಬ್ಬಳ ಹೆಸರು ಹೊಡೆದುಹಾಕಿದೆವು. ಹಾಗೆ ನಕ್ಕವರು ಈಗ ಬೆಳಗಿನ ರೇಡಿಯೋದಲ್ಲಿ ಕೂತು, 'ಕರೆದರೂ ಬರುವುದಿಲ್ಲ, ಅವರಿಗೇ ಬೇಡವಾಗಿದೆ' ಎಂದರೆ ಅದನ್ನು ಏನೆಂದು ಕರೆಯಬೇಕು? ನನ್ನ ಬಳಿ ಒಂದು ಶಬ್ದವಿದೆ, ಈ ಪತ್ರ ಪ್ರಕಟಿಸುವ ಪತ್ರಿಕೆಯವರು ಅದನ್ನು ಅಚ್ಚು ಹಾಕುವುದಿಲ್ಲ.

ಟೆಸ್ ಆ ರೇಡಿಯೋವನ್ನು ಹಾಲು ಕರೆಯುವ ಕೊಟ್ಟಿಗೆಯಲ್ಲಿ ಕೇಳಿದಳು. ಅವತ್ತೇ ಬಂದು, "ನಂಗೆ ಬೇಡವಾಗಿತ್ತಂತೆ ಮರ್ವ್, ಕೇಳಿದ್ಯಾ?" ಎಂದಳು. ಅಷ್ಟೇ. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ, ಅದು ನನಗೆ ಚೆನ್ನಾಗಿ ಬರುತ್ತದೆ.

ಅವಳ ತಾಯಿ ಲೊರೇನ್ ವಿಷಯ ಹೇಳದೆ ಈ ಪತ್ರ ಮುಗಿಸಲಾರೆ. ರಾಜ್ಯ ತಂಡಕ್ಕೆ ಮೊದಲ ಬಾರಿ ಆಡುವವರಿಗೆ ಪಂದ್ಯದ ಹಿಂದಿನ ಸಂಜೆ ಮನೆಯವರೊಬ್ಬರು ಎದೆಯ ಮೇಲೆ ನಮ್ಮ ದ್ವೀಪದ ನಕ್ಷೆಯಿರುವ ಹಸಿರು ಅಂಗಿಯನ್ನು ಕೈಗೆ ಕೊಡುತ್ತಾರೆ. ಲೊರೇನ್ ಹುಡುಗಿಯಾಗಿದ್ದಾಗ ಹೆಂಗಸರಿಗೆ ತಂಡವೇ ಇರಲಿಲ್ಲ. ಗಂಡಸರ ತಂಡದ ಅದೇ ಅಂಗಿಗಳ ಕೆಸರು ಬಿಡಿಸಿ ಒಗೆದು ಒಣಗಿಸುತ್ತಿದ್ದವಳು ಅವಳು. ಮಗಳ ಕೈಗೆ ಅಂಗಿ ಕೊಡಲೆಂದು, ಪಂದ್ಯವಿದ್ದ ಮುಖ್ಯಭೂಮಿಗೆ ಜಲಸಂಧಿ ದಾಟುವ ಹಡಗಿಗೆ ಟಿಕೆಟ್ ಮಾಡಿಸಿದ್ದಳು. ತೊಡೆಯ ಸುದ್ದಿ ತಿಳಿದು ಟಿಕೆಟ್ ರದ್ದು ಮಾಡಿ, ಬಿಸಿನೀರಿನ ಚೀಲ ಹಿಡಿದು ಮಗಳ ಮನೆಗೆ ಹೋದಳು. ನಮ್ಮ ಕ್ಲಬ್ಬಿನ ಮರ್ಯಾದೆ ಕಾಯಲೆಂದು ಟೆಸ್ ಬಾಯಿ ಬಿಡಲಿಲ್ಲ. ತಾಯಿಯ ಎದುರು ಕುಂಟಿದಳು.

ಸೆಮಿಫೈನಲ್ ಗೆದ್ದೆವು. ಕಪ್ಪನ್ನೂ ಗೆದ್ದೆವು. ಕೊನೆಯ ಗೋಲು ಹೊಡೆದವಳೂ ಟೆಸ್. ಅವತ್ತು ಲೊರೇನ್ ನನ್ನ ಎರಡೂ ಕೈ ಹಿಡಿದುಕೊಂಡು, "ನನ್ ಮಗಳ ಕಾಲು ಉಳಿಸ್ದೆ ಮರ್ವ್, ದೇವ್ರು ನಿನ್ನ ಚೆನ್ನಾಗಿಟ್ಟಿರ್ಲಿ" ಎಂದಳು. ಅಂದಿನಿಂದ ಮೈದಾನದ ಗೇಟಿನಲ್ಲಿ ಸಿಕ್ಕಾಗಲೆಲ್ಲ ಅದೇ ಪ್ರೀತಿಯಿಂದ ಮಾತಾಡಿಸುತ್ತಾಳೆ. ನಾನು ಈಗ ಹಿಂದಿನ ಗೇಟಿನಿಂದ ಒಳಗೆ ಹೋಗುತ್ತೇನೆ. ನಾನೇ ಕಂಬ ನೆಟ್ಟು ನಿಲ್ಲಿಸಿದ ಗೇಟು ಅದು, ಕಳ್ಳನ ಹಾಗೆ ನುಸುಳುತ್ತೇನೆ.

ನಿನ್ನೆ ಅವಳ ಮನೆಗೆ ಹೋಗಿ ಎಲ್ಲ ಹೇಳಿದೆ. ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು. ನಾನು ಮುಗಿಸುವವರೆಗೂ ಚಾಕು ನಿಲ್ಲಲಿಲ್ಲ. ಆಮೇಲೆ, "ನನ್ ಹತ್ರ ಬಂದು ಹಗುರಾಗಿ ಹೋಗ್ಬೇಡ. ಸುಳ್ಳು ಹೇಳಿದ್ದು ಆಫೀಸಿಗಲ್ವಾ? ಅಲ್ಲಿ ಹೇಳು. ಎಲ್ರಿಗೂ ಕೇಳೋ ಹಾಗೆ ಹೇಳು" ಎಂದಳು. ಟೀ ಕೊಡಲಿಲ್ಲ.

ಆದ್ದರಿಂದ ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಿದ್ದೇನೆ. ಆಸಕ್ತಿ ಕುಂದಿದ್ದು ಅವರಲ್ಲಲ್ಲ, ನಮ್ಮಲ್ಲಿ. ನಮಗೆ ನಮ್ಮ ಕಪ್ಪು ಬೇಕಿತ್ತು, ನಿಮಗೆ ರಗಳೆ ಬೇಡವಾಗಿತ್ತು. ಪ್ರಕಟಣೆಯ ಆ ಸಾಲನ್ನು ಹಿಂದಕ್ಕೆ ತೆಗೆದುಕೊಳ್ಳಿ. ಅದೇ ರೇಡಿಯೋದಲ್ಲಿ, ಅದೇ ಹಾಲು ಕರೆಯುವ ಹೊತ್ತಿಗೆ. ಮುಂದಿನ ಚಳಿಗಾಲಕ್ಕೆ ತಂಡ ಕಟ್ಟಿ ಕಳಿಸಿ. ಆ ವಾರ ರಾಜ್ಯದಲ್ಲಿ ಎಲ್ಲಿಯೂ ಕ್ಲಬ್ ಪಂದ್ಯ ಬೇಡ. ಯಾವ ಕ್ಲಬ್ಬಿನ ತೊಡೆ ಮಂಗಳವಾರ ಹಿಡಿದುಕೊಳ್ಳುತ್ತದೋ ಆ ಕ್ಲಬ್ಬಿನ ಅಂಕ ಕತ್ತರಿಸಿ. ಮೊದಲ ಕತ್ತರಿ ನಮಗೇ ಬೀಳಲಿ: ಕಳೆದ ಚಳಿಗಾಲದ ತಪ್ಪಿಗೆ ಮುಂದಿನ ಲೀಗನ್ನು ನಮ್ಮ ಕ್ಲಬ್ ಸೊನ್ನೆಗಿಂತ ಕೆಳಗಿನಿಂದ ಶುರುಮಾಡಲಿ. ನಿನ್ನೆ ರಾತ್ರಿ ಅಭ್ಯಾಸದ ಹೊತ್ತಿಗೆ ಇದನ್ನು ಸಮಿತಿಗೆ ಹೇಳಿದಾಗ ಕಾರ್ಯದರ್ಶಿ, "ನಿಂಗೆ ತಲೆ ಕೆಟ್ಟಿದೆ ಮುದುಕಾ, ಹುಡುಗೀರು ನಿನ್ನ ಸುಮ್ನೆ ಬಿಡ್ತಾರಾ?" ಎಂದ. ಹುಡುಗಿಯರನ್ನೇ ಕೇಳಿ ಎಂದೆ. ಕೇಳಿದರು. ಮೊದಲು ಕೈ ಎತ್ತಿದವಳು ಟೆಸ್. ಉಳಿದವರು ಅವಳ ಹಿಂದೆ ಎತ್ತಿದರು.

ಅವಳಿಗೆ ಇನ್ನೊಂದೇ ಚಳಿಗಾಲ ಆಡುವ ಶಕ್ತಿಯಿದೆ. ನೀವು ಸಮಿತಿ ಮಾಡಿ, ಉಪಸಮಿತಿ ಮಾಡಿ, ವರದಿ ತರಿಸಿಕೊಳ್ಳುವ ಹೊತ್ತಿಗೆ ಅದೂ ಮುಗಿದಿರುತ್ತದೆ. ಬೇಗ ಉತ್ತರ ಕೊಡಿ. ನನಗಲ್ಲ, ಅವಳಿಗೆ.

ಇಂತಿ,
ಗೆದ್ದ ಕಪ್ಪಿನ ಕಡೆ ತಿರುಗಿ ನೋಡಲಾರದ ಅಧ್ಯಕ್ಷ,
ಮರ್ವ್ ಬೆಸ್ವಿಕ್