ಜೀಪು ಹೋದಲ್ಲೆಲ್ಲ ವಿದ್ವತ್ತು

ಮಾನ್ಯ ನಿರ್ದೇಶಕರೇ,

ತಮ್ಮ ಸಂಶೋಧನೆ ತಪ್ಪು ಎಂದು ಬರೆದದ್ದಕ್ಕೆ ನನ್ನನ್ನು ಕೆಲಸದಿಂದ ತೆಗೆಯುತ್ತಿದ್ದೀರಿ. ಹಾಗೆ ಬರೆದ ಪ್ರಬಂಧವನ್ನೇ ತಮ್ಮ ಕೀರ್ತಿಯ ಲೆಕ್ಕಕ್ಕೂ ಸೇರಿಸಿಕೊಂಡಿದ್ದೀರಿ. ಎರಡರಲ್ಲಿ ಒಂದನ್ನಾದರೂ ಬಿಡಬಾರದೇ? ಯಲಹಂಕದ ದಾರಿಯಲ್ಲಿರುವ ನಮ್ಮ ಪುಟ್ಟ ಸಂಶೋಧನಾ ಕೇಂದ್ರದಲ್ಲಿ ಇದನ್ನು ಕೇಳಲು ತಮ್ಮ ಕೋಣೆಯ ಮುಂದೆ ಎಷ್ಟೋ ಸಲ ಕಾದೆ. ಒಮ್ಮೆ ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂದರು, ಇನ್ನೊಮ್ಮೆ ಊಟಕ್ಕೆ ಹೋಗಿದ್ದಾರೆ ಎಂದರು. ಆದ್ದರಿಂದ ಪತ್ರಿಕೆಯಲ್ಲಿ ಕೇಳುತ್ತಿದ್ದೇನೆ. ಪತ್ರಿಕೆಯನ್ನಾದರೂ ತಾವು ಓದುತ್ತೀರಿ ಎಂದು ಕೇಳಿದ್ದೇನೆ.

ತಮ್ಮ ವಿದ್ವತ್ತಿನ ಹರವು ಯಾರನ್ನಾದರೂ ಬೆರಗುಗೊಳಿಸುವಂಥದ್ದು. ದೇವನಹಳ್ಳಿಯ ದ್ರಾಕ್ಷಿಗೆ ಹಿಡಿಯುವ ಬೂಷ್ಟು, ಹೆಸರಘಟ್ಟದ ಕೆರೆಯ ಮೀನು, ಜಾಲಹಳ್ಳಿ ಕ್ವಾರ್ಟರ್ಸಿನ ಹಿತ್ತಿಲ ಕೋಳಿ, ಸಾಲದೆಂಬಂತೆ ಇಟ್ಟಿಗೆ ಗೂಡಿನ ಹೊಗೆ, ಎಲ್ಲದರ ಮೇಲೂ ತಮ್ಮ ಹೆಸರಿನ ಪ್ರಬಂಧಗಳಿವೆ. ಇಷ್ಟೊಂದು ಶಾಸ್ತ್ರ ಒಂದೇ ತಲೆಯಲ್ಲಿ ಹೇಗೆ ಹಿಡಿಸಿತು ಎಂದು ಹೊರಗಿನವರು ಬಾಯಿಮೇಲೆ ಬೆರಳಿಡುತ್ತಾರೆ. ಒಳಗಿನ ನಮಗೆ ಗೊತ್ತಿದೆ. ಕೇಂದ್ರಕ್ಕಿರುವುದು ಒಂದೇ ಜೀಪು. ಅದರ ಚೀಟಿಗೆ ಸಹಿ ಹಾಕುವವರು ತಾವು. ಆ ಜೀಪು ಹತ್ತಿ ಹೋದವರು ಯಾರೇ ಇರಲಿ, ವಾಪಸು ಬಂದು ಬರೆದದ್ದರ ಮೇಲೆ ತಮ್ಮ ಹೆಸರು ಹಾಕಬೇಕು, ಅದೂ ಮೊದಲಿಗೆ. ಹಾಗೆ ನೋಡಿದರೆ ಜೀಪು ಓಡಿಸಿದ ಸೊಣ್ಣಪ್ಪನವರಿಗೂ ಒಂದು ಡಾಕ್ಟರೇಟು ಸಲ್ಲಬೇಡವೇ? ಅವರು ಆ ಊರುಗಳನ್ನು ಕಣ್ಣಾರೆ ನೋಡಿಯಾದರೂ ಬಂದವರು.

ತಾವು ಕೈಯಾರೆ ಬರೆದದ್ದು ಕುರಿಗಳ ಮೇಲಿನ ಒಂದೇ ಒಂದು ಪ್ರಬಂಧ. ಗಬ್ಬದ ಕುರಿಗೆ ಜಂತುಹುಳುವಿನ ಔಷಧಿಯನ್ನು ದುಪ್ಪಟ್ಟು ಕುಡಿಸಿದರೆ ಮರಿ ದಷ್ಟಪುಷ್ಟವಾಗಿ ಹುಟ್ಟುತ್ತದೆ ಎಂದಿರಿ. ಅದೇ ಕರಪತ್ರವಾಗಿ ಅಚ್ಚಾಗಿ ಸುತ್ತಲ ಹಳ್ಳಿಗಳಿಗೆ ಹೋಯಿತು. ಬಾಗಲೂರಿನ ಕಡೆ ಕುರಿ ಸಾಕುವ ಲಕ್ಷ್ಮಿದೇವಮ್ಮನವರ ಮನೆಗೂ ಹೋಯಿತು. ನಾನು ಹೋಗಿ ನೋಡಿದಾಗ ಅವರ ಕುರಿಹಟ್ಟಿಯಲ್ಲಿ ಒಂದೂ ಮರಿ ಇರಲಿಲ್ಲ.

"ಸೊಸೆ ಓದೇಳಿದ್ಲು, ಅಂಗೇ ಕುಡಿಸ್ದೆ ಕಣವ್ವ. ಒಂದಾದ್ಮೇಲೊಂದು ಕಂದಾಕ್ಬುಟ್ವು. ಸರ್ಕಾರದೋರು ಅಚ್ಚಾಕ್ಸಿರೋದು, ಸುಳ್ಳಿರ್ತದಾ ಅಂತ ನಂಬ್ಕಂಡೆ" ಎಂದು ಆ ತಾಯಿ ಅತ್ತರು. 

ಆಮೇಲೆ ಎರಡು ವರ್ಷ ಹಳ್ಳಿಹಳ್ಳಿ ತಿರುಗಿ, ಔಷಧಿ ಕುಡಿದ ಕುರಿ, ಕುಡಿಯದ ಕುರಿ ಎರಡನ್ನೂ ನೋಡಿ, ತಮ್ಮ ಮಾತು ತಪ್ಪು ಎಂದು ಪ್ರಬಂಧ ಬರೆದೆ. ವಿಜ್ಞಾನ ಪತ್ರಿಕೆಗೆ ಕಳಿಸುವ ಮುಂಚೆ ಮರ್ಯಾದೆಗೆಂದು ತಮ್ಮ ಮೇಜಿನ ಮೇಲಿಟ್ಟೆ. ನಡೆದ ಮಾತು ತಮಗೆ ನೆನಪಿದೆಯೇ?

"ಜೀಪ್‌ನಲ್ಲಿ ಹೋಗಿದ್ರಲ್ವೇನಮ್ಮ?"

"ಎರಡು ಸಲ ಹೋಗಿದ್ದೆ ಸರ್. ಮಿಕ್ಕಿದ್ದೆಲ್ಲ ಬಸ್ಸು."

"ಹೋಗಿದ್ರಲ್ಲ, ಸಾಕು. ನನ್ನ ಹೆಸ್ರು ಮೇಲೆ ಹಾಕಿ ಕಳ್ಸಿ."

"ಸರ್, ದಯವಿಟ್ಟು ಒಂದ್ಸಲ ಓದಿ."

"ಅಯ್ಯೋ, ಓದೋಕೇ ಕೂತ್ರೆ ನಾನು ಆಡಳಿತ ಮಾಡೋದು ಯಾವಾಗ?"

ನಿರ್ದೇಶಕರು ಹೇಳಿದ್ದು ಶುದ್ಧ ತಪ್ಪು ಎಂದು ಸಾರುವ ಪ್ರಬಂಧಕ್ಕೆ ನಿರ್ದೇಶಕರೇ ಮೊದಲ ಲೇಖಕರು! ಜಗತ್ತಿನ ಯಾವ ವಿಜ್ಞಾನಿಗೆ ಒದಗೀತು ಈ ಭಾಗ್ಯ? ನಾನು ತಮ್ಮ ಮರ್ಯಾದೆ ಉಳಿಸಲೆಂದೇ ತಮ್ಮ ಹೆಸರು ಬಿಟ್ಟು ಕಳಿಸಿದೆ. ಅಂದಿನಿಂದ ನನಗೆ ಜೀಪು ಇಲ್ಲ.

ಕಳೆದ ತಿಂಗಳು ತಮಗೆ ಶಾಲು, ಗಂಧದ ಹಾರ ಹಾಕಿ ಸನ್ಮಾನ ಮಾಡಿದರು. ತಮ್ಮ ಕುರಿ ಪ್ರಬಂಧವನ್ನು ದೇಶವಿದೇಶದ ವಿದ್ವಾಂಸರು ಉಲ್ಲೇಖಿಸಿದ್ದಾರೆಂದು ಒಬ್ಬರು ಭಾಷಣ ಬಿಗಿದರು. ಉಲ್ಲೇಖಿಸಿದ್ದು ಹೌದು. ಅವನ್ನೆಲ್ಲ ನಾನು ಗ್ರಂಥಾಲಯದಲ್ಲಿ ಕೂತು ಓದಿದ್ದೇನೆ. ಹೀಗೆ ಮಾಡಬೇಡಿ ಎನ್ನುವುದಕ್ಕೇ ಎಲ್ಲರೂ ತಮ್ಮನ್ನು ಉಲ್ಲೇಖಿಸಿರುವುದು. ಆ ಉಲ್ಲೇಖಗಳ ಪಟ್ಟಿಯಲ್ಲಿ ನನ್ನ ಪ್ರಬಂಧವೂ ಇತ್ತು. ಸಭೆಯಲ್ಲಿ ಕೂತು ನಾನೂ ಚಪ್ಪಾಳೆ ತಟ್ಟಿದೆ, ಅದರಲ್ಲಿ ನನ್ನ ಪಾಲೂ ಇತ್ತಲ್ಲ! ಅದೇ ವಾರ ತಮ್ಮ ಆದೇಶ ಕೈಗೆ ಬಂತು: "ಹಿರಿಯರ ಸಂಶೋಧನೆಯ ಬಗ್ಗೆ ಅಗೌರವ ತೋರಿರುವುದರಿಂದ ಸೇವೆ ಖಾಯಂ ಮಾಡಲಾಗುವುದಿಲ್ಲ." ಈ ತಿಂಗಳ ಕೊನೆಗೆ ನಾನು ಮನೆಗೆ. ಕರಪತ್ರ ಮಾತ್ರ ಈ ವರ್ಷವೂ ಮರುಮುದ್ರಣಕ್ಕೆ ಹೋಗಿದೆ.

ಈಗ ನನ್ನ ಬೇಡಿಕೆ. ನಾನು ಬರೆದದ್ದು ಸುಳ್ಳಾದರೆ, ನನ್ನ ಪ್ರಬಂಧವನ್ನು ತಮ್ಮ ಕೀರ್ತಿಯ ಪಟ್ಟಿಯಿಂದ ಹೊಡೆದುಹಾಕಿ, ನನ್ನನ್ನೂ ಮನೆಗೆ ಕಳಿಸಿ. ನಿಜವಾದರೆ, ಮುದ್ರಣ ನಿಲ್ಲಿಸಿ, ಹಳ್ಳಿಗಳಿಗೆ ಹೋದ ಕರಪತ್ರಗಳನ್ನು ವಾಪಸು ತರಿಸಿ, ನನ್ನ ಕೆಲಸ ನನಗೆ ಕೊಡಿ. ಪ್ರಬಂಧ ಇಟ್ಟುಕೊಂಡು ಬರೆದವಳನ್ನು ಆಚೆ ಹಾಕುವುದಕ್ಕೆ ನಾನು ಒಪ್ಪುವುದಿಲ್ಲ. ಸುಳ್ಳೋ ನಿಜವೋ ತೀರ್ಮಾನಿಸಲು ತಾವು ಅದನ್ನು ಓದಲೇಬೇಕಾಗುತ್ತದೆ. ಎಂಟೇ ಪುಟ. ಲಕ್ಷ್ಮಿದೇವಮ್ಮನವರ ಸೊಸೆ ತಮ್ಮದನ್ನು ಪೂರ್ತಿ ಓದಿದ್ದರು.

ಇಂತಿ,
ತಮ್ಮ ಹೆಸರಿಗೆ ಒಂದು ಉಲ್ಲೇಖ ಸೇರಿಸಿ ಅನ್ನ ಕಳೆದುಕೊಳ್ಳುತ್ತಿರುವ
ಕನೀಜ್ ಫಾತಿಮಾ
ಆರ್.ಟಿ. ನಗರ, ಬೆಂಗಳೂರು
ಆಗಸ್ಟ್ ೧೯೮೪