ಕೈಬಿಟ್ಟ ನಾಲ್ಕು ಪ್ರಶ್ನೆಗಳು

ಬಾಡಿಗೆ ಕೋಣೆಯಿಂದ,
ಹನ್ನೆರಡನೇ ತಾರೀಖು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಾನು ಹತ್ತನೇ ಪರೀಕ್ಷೆಗೆ ಕೂರಲೇ ಇಲ್ಲ. ಪಾಸಾದೆ ಅಂತ ನಾಲ್ಕು ವರ್ಷದಿಂದ ನಿನಗೂ ಕಚೇರಿಗೂ ಹೇಳಿಕೊಂಡು ಬಂದದ್ದು ಸುಳ್ಳು. ಇದನ್ನು ಮೊದಲು ಬರೆಯದಿದ್ದರೆ ಉಳಿದದ್ದಕ್ಕೆ ಕೈ ಬರುವುದಿಲ್ಲ. ಫೋನ್ ಮಾಡಿದರೆ ನಿನ್ನ ದನಿ ಕೇಳಿ ಮತ್ತೆ ಮುಚ್ಚಿಟ್ಟೇನು. ನಿನ್ನ ಕೆಮ್ಮು ಹೇಗಿದೆ? ಕೈಯ ಸುಟ್ಟ ಗಾಯ ಮಾಯಿತೆ? ಭಾವ ಇನ್ನೂ ಗೊರಕೆಯಲ್ಲಿ ನಿಮ್ಮ ಕಾರ್ಖಾನೆಯ ಬಾಯ್ಲರನ್ನು ಸೋಲಿಸುತ್ತಾರಾ?

ನಿಮ್ಮ ಕಾರ್ಖಾನೆಯಲ್ಲಿ ಸುರಕ್ಷತೆಯ ಬಗ್ಗೆ ಪ್ರಶ್ನೆಪಟ್ಟಿ ತುಂಬಿಸಿಕೊಂಡರಲ್ಲ, ಆ ಆರುನೂರು ಹಾಳೆಗಳು ಬಂದದ್ದು ನಮ್ಮ ಸಮೀಕ್ಷೆ ಕಚೇರಿಗೇ, ಕಂಪ್ಯೂಟರಿಗೆ ಏರಿಸಿದವನು ನಾನೇ. 'ಬಾಯ್ಲರ್ ಹತ್ತಿರ ಹೆದರಿಕೆ ಆಗುತ್ತದೆಯೇ' ಎಂಬಂಥ ಪ್ರತಿ ಪ್ರಶ್ನೆಗೂ 'ಎಂದೂ ಇಲ್ಲ'ದಿಂದ 'ಯಾವಾಗಲೂ' ತನಕ ಐದು ಮೆಟ್ಟಿಲು. ಯಾವ ಪ್ರಶ್ನೆಗಳು ಒಂದೇ ಬೇರಿನಿಂದ ಬಂದವು ಎಂದು ಹುಡುಕುವುದೇ ಫ್ಯಾಕ್ಟರ್ ಅನಾಲಿಸಿಸ್. ಅದಕ್ಕೆ ಮೊದಲು ಉತ್ತರಗಳ ನಂಟನ್ನು ಅಳೆಯಬೇಕು. ಯಾವ ವಿಧಾನ ಎಂದು ಕಂಪ್ಯೂಟರ್ ಕೇಳಿತು. ಮೊದಲೇ ಗುರುತಾಗಿದ್ದ ಪಿಯರ್ಸನ್ ಎಂಬ ವಿಧಾನವನ್ನೇ ಒತ್ತಿಬಿಟ್ಟೆ. ಗೊತ್ತಿರಲಿಲ್ಲ ಅಕ್ಕಾ, ಕೇಳಿದರೆ ಓದಿಲ್ಲದವನೆಂದು ಬಯಲಾದೀತೆಂದು ಬಾಯಿಗೆ ಬೀಗ ಹಾಕಿಕೊಂಡೆ.

ಪಿಯರ್ಸನ್‌ಗೆ ಎಲ್ಲ ಮೆಟ್ಟಿಲೂ ಒಂದೇ ಎತ್ತರ. ಆದರೆ ನೀನೇ ಹೇಳಿದ್ದೆಯಲ್ಲ, "ಹೆದರಿಕೆ ಇದೆ ಅಂತ ಬರೆದ್ರೆ ಕೆಲಸ ಇರತ್ತೇನೋ ಪೆದ್ದ? ಎಲ್ರೂ 'ಎಂದೂ ಇಲ್ಲ'ಕ್ಕೇ ಗೀಟು ಹಾಕಿದ್ವಿ." ಅಲ್ಲಿ 'ಅಪರೂಪಕ್ಕೆ' ಎಂಬ ಮೆಟ್ಟಿಲಿಗೆ ಕಾಲಿಡುವುದೇ ಬೆಟ್ಟ ಹತ್ತಿದ ಹಾಗೆ. ಬಹುತೇಕರು ಒಂದೇ ಕಡೆ ಗುಂಪುಗೂಡಿದ್ದರಿಂದ ಬಾಯ್ಲರ್ ಬಗೆಗಿನ ನಾಲ್ಕು ಪ್ರಶ್ನೆಗಳ ನಂಟು ತೆಳ್ಳಗೆ ಕಂಡಿತು. ಅವನ್ನು ನಮ್ಮ ಕಚೇರಿಯವರು ವರದಿಯಿಂದ ಕೈಬಿಟ್ಟರು.

ನಿನ್ನೆ ಯಾರಿಗೂ ಹೇಳದೆ, ಪುಸ್ತಕ ನೋಡಿಕೊಂಡು, ಪಾಲಿಕೋರಿಕ್ ಎಂಬ ಇನ್ನೊಂದು ವಿಧಾನದಲ್ಲಿ ಮಾಡಿ ನೋಡಿದೆ. ಜನ ಹಾಕಿದ ಗೀಟಿನ ಹಿಂದೆ ಕಣ್ಣಿಗೆ ಕಾಣದ ಏರಿಳಿತ ಒಂದಿದೆ ಎಂದು ಹಿಡಿದು ನಡೆಯುತ್ತದೆ ಅದು. ನಾಲ್ಕೂ ಪ್ರಶ್ನೆಗಳು ಕೈಕೈ ಹಿಡಿದು ಎದ್ದು ಬಂದವು. ನಾಲ್ಕರ ಬೇರೂ ಒಂದೇ, ಬಾಯ್ಲರಿನ ಹೆದರಿಕೆ. ಕೆಲವು ಉತ್ತರಕ್ಕೆ ಗೀಟು ಹಾಕಿದವರು ಮೂರೇ ಜನ. ಅಂಥ ಕಡೆ ಇದೂ ಎಡವಬಹುದಂತೆ. ಎಡವಿದ್ದರೆ ಸಾಕಪ್ಪಾ ಎಂದು ಮೂರು ಸಲ ಮಾಡಿದೆ. ಅದೇ ಬಂತು. ನಮ್ಮ ಕಚೇರಿಯ ದೊಡ್ಡ ಮೇಡಂ ಹತ್ತಿರ ಎಲ್ಲ ಹೇಳಿದೆ, ಹತ್ತನೇ ತರಗತಿಯ ಸಂಗತಿಯನ್ನೂ. "ವರದಿ ಕಳಿಸಿದ್ದು ಕಳಿಸಿ ಆಯ್ತು. ಸುಮ್ನಿದ್ರೆ ನಿಂಗೇ ಒಳ್ಳೇದು" ಅಂದರು. ಪಾದರಸ ಅಂತ ನನಗೆ ಹೆಸರಿಟ್ಟವಳು ನೀನೇ, ಸುಮ್ಮನಿರಲು ನನಗೆ ಬರುತ್ತದೆಯೇ?

ಭಾವನಿಗೆ ನಮಸ್ಕಾರ, ಪುಟ್ಟಿಗೆ ಮುತ್ತು. ಬೈಗುಳವನ್ನು ನನ್ನೆದುರಿಗೆ ಬೈಯಲು ಎತ್ತಿಟ್ಟಿರು.

ನಿನ್ನ
ಪಾದರಸ

ತಾ.ಕ.: ಇದನ್ನು ಸಂಜೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಆ ವರದಿ ನೋಡಿ ನಿಮ್ಮ ಕಾರ್ಖಾನೆಯವರು ಬಾಯ್ಲರ್ ತಪಾಸಣೆಯನ್ನು ಮುಂದಿನ ವರ್ಷಕ್ಕೆ ತಳ್ಳಿದ್ದಾರೆ. ನಾಳೆ ಬೆಳಗಿನ ಪಾಳಿಗೆ ಹೋಗಬೇಡ. ಜ್ವರ ಅನ್ನಬೇಡ, ಹೆದರಿಕೆ ಅಂತಲೇ ಹೇಳು. ಎರಡೂ ವಿಧಾನದ ಫಲಿತಾಂಶ ಹಿಡಿದು ನಾನೂ ಮೊದಲ ಬಸ್ಸಿಗೆ ನಿಮ್ಮ ಕಾರ್ಖಾನೆಗೇ ಹೊರಡುತ್ತೇನೆ.