ಮೂಗು ಕಿತ್ತ ಗಾಡಿ

ಶಿರಾ, ೧೪ ನವೆಂಬರ್ ೧೯೮೬, ಶುಕ್ರವಾರ

ಬಟ್ಟೆಯಿಂದ ಪೆಟ್ರೋಲಿನ ವಾಸನೆ ಇನ್ನೂ ಹೋಗಿಲ್ಲ. ತೀರಿಕೊಂಡ ತಮ್ಮ ರಶೀದ್ ಜರ್ಮನಿಯಿಂದ ತಂದಿದ್ದ ಸ್ಪೋರ್ಟ್ಸ್ ಕಾರನ್ನು ಇಂದು ಓಬಳಪ್ಪನ ಗ್ಯಾರೇಜಿನಲ್ಲಿ ಚಾಲೂ ಮಾಡಿದೆವು. ಮೊದಲಿನಂತೆ ಓಡಿದರೆ ಮಾರುವುದಿಲ್ಲ ಎಂದಿದ್ದಳು ಅವನ ಹೆಂಡತಿ ಸಾಬೀರಾ.

ಹೊಗೆಯಲ್ಲಿ ಉಳಿದ ಆಮ್ಲಜನಕ ನೋಡಿ ಪೆಟ್ರೋಲಿನ ಅಳತೆ ತಿದ್ದುವ ಸೆನ್ಸರ್, ನಮ್ಮ ಸೀಸ ಬೆರೆಸಿದ ಪೆಟ್ರೋಲಿಗೆ ಸತ್ತಿದೆ. ಹೊಸದು ಹಾಕಿದರೂ ಸಾಯುತ್ತದೆ. ಹೊರದೇಶಗಳಲ್ಲಿ ಸೀಸವಿಲ್ಲದ ಪೆಟ್ರೋಲು ಮಾರುತ್ತಾರೆಂದು ಓದಿ ಎಷ್ಟು ವರ್ಷವಾಯಿತು! ಎರಡನೇ ಮಹಾಯುದ್ಧದ ಕಾಲದಲ್ಲಿ, ಪೆಟ್ರೋಲು ಸಿಗದೆ ಇದ್ದಿಲು ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸನ್ನು ಮಧುಗಿರಿಯ ಏರಿನಲ್ಲಿ ಇಳಿದು ತಳ್ಳಿದವನು ನಾನು. ಕೊಟ್ಟದ್ದನ್ನು ಸುಡಿ ಎಂದರು ಅಂದು ಸರ್ಕಾರದವರು. ಇಂದೂ ಅದನ್ನೇ ಅನ್ನುತ್ತಾರೆ.

"ಅದ್ರ ಮೂಗು ಕಿತ್ತು ಬೋಲ್ಟ್ ಜಡಿದ್ಬುಟ್ಟಿವ್ನಿ ಸಾಹೇಬ್ರೆ," ಎಂದು ಸೆನ್ಸರ್ ಇದ್ದ ತೂತು ತೋರಿಸಿ ನಕ್ಕ ಓಬಳಪ್ಪ. "ಮೂಗಿಲ್ದಿದ್ರೇನು, ಬಾಯಿ ಐತಲ್ಲ, ಕುಡೀತದೆ ಬುಡಿ."

ಕುಡಿಯಿತು. ಕಪ್ಪು ಹೊಗೆ ಉಗುಳುತ್ತ, ಕೆಮ್ಮುತ್ತ ಬಸ್ ಸ್ಟ್ಯಾಂಡಿನವರೆಗೆ ಹೋಗಿ ಬಂತು. ಪಕ್ಕದಲ್ಲಿ ಕೂತಿದ್ದ ಸಾಬೀರಾ ಅತ್ತಳು.

"ಬಂದ್ ಮಾಡಿ ಭಾಯಿಜಾನ್. ಅವರು ಬೀದಿ ಮೂಲೆ ತಿರುಗೋವಾಗ್ಲೇ ನಂಗೆ ಗಾಡಿ ಸದ್ದು ಗೊತ್ತಾಗೋದು. ಇದ್ಯಾರದೋ ಗಾಡಿ. ಮಾರ್ಬಿಡಿ."

ಬಂದ್ ಮಾಡಿದೆ. ರಶೀದನ ದನಿ ನನಗೆ ಆಗಲೇ ಮರೆತುಹೋಗುತ್ತಿದೆ. ಈ ಇಂಜಿನ್ನಿನದಾದರೂ ಉಳಿಯಲಿ ಎಂದಿದ್ದೆ. ಅದೂ ಉಳಿಯಲಿಲ್ಲ.